ಮೂಲೆ ಸವೆದ ಕಾರ್ಡುಗಳೇ ನನಗೆ ಬೇಕು

ಬೇಸ್‌ಬಾಲ್ ಕಾರ್ಡ್, ಅಂದರೆ ಮುಂದೆ ಆಟಗಾರನ ಚಿತ್ರ, ಹಿಂದೆ ಅವನ ಆಟದ ಲೆಕ್ಕ ಅಚ್ಚಾದ ರಟ್ಟಿನ ಚೀಟಿ, ಸಂಗ್ರಹಿಸುತ್ತೇನೆ ಅಂದ ಕೂಡಲೇ ಜನ ಕೇಳುವುದು ಕೋಟಿ ಲೆಕ್ಕವನ್ನೇ. ಕಾರ್ಡು ಅಚ್ಚು ಹಾಕುವ ಟಾಪ್ಸ್ ಕಂಪನಿ 1952ರಲ್ಲಿ ತಂದ, ಹೆಸರಾಂತ ಆಟಗಾರ ಮಿಕಿ ಮ್ಯಾಂಟಲ್‌ನ ಕಾರ್ಡೊಂದು 2022ರಲ್ಲಿ 1.26 ಕೋಟಿ ಡಾಲರಿಗೆ ಹರಾಜಾಯಿತು, ನಿಜ. ಆ ದಾರಿ ನನ್ನದಲ್ಲ. ಅಮೆರಿಕದ ಓಹಾಯೋಗೆ ಬಂದ ಮೇಲೆ ಈ ಆಟ ನನಗೆ ಅರ್ಥವಾದದ್ದೇ ಒಂದೊಂದು ಡಾಲರಿನ ಕಾರ್ಡುಗಳ ಹಿಂಬದಿ ಓದಿ. ಹತ್ತು ಸಲದಲ್ಲಿ ಮೂರು ಹಿಟ್ (ಚೆಂಡು ಹೊಡೆದು ಔಟಾಗದೆ ಓಡಿ ನೆಲೆ ಸೇರುವುದು) ಹೊಡೆದವನು ಇಲ್ಲಿ ದೊಡ್ಡ ಬ್ಯಾಟರ್ ಎಂಬುದನ್ನು ಕ್ರಿಕೆಟ್ ತಲೆಗೆ ಒಪ್ಪಿಸಿದ್ದೂ ಅವೇ.

ಕಾರ್ಡುಗಳ ಸಂತೆಗೆ, ಅಂದರೆ ಕಾರ್ಡ್ ಶೋಗೆ, ಹೋದರೆ ಗಾಜಿನ ಪೆಟ್ಟಿಗೆಗಳ ಕಡೆ ನಾನು ನೋಡುವುದಿಲ್ಲ. ಮೇಜಿನ ಕೆಳಗೆ ತಳ್ಳಿಟ್ಟ ಉದ್ದನೆಯ ರಟ್ಟಿನ ಡಬ್ಬಿಗಳಿರುತ್ತವಲ್ಲ, ಅಲ್ಲೇ ನೆಲಕ್ಕೆ ಕೂರುತ್ತೇನೆ. ಹಳೇ ಕಾರ್ಡಿಗೆ ಬೆಲೆ ಬರುವುದು ಮುಖ್ಯವಾಗಿ ಆಟಗಾರನ ಹೆಸರಿನಿಂದ, ಮೂಲೆಗಳ ಚೂಪಿನಿಂದ. ಇವೆರಡರ ಆಸೆ ಬಿಟ್ಟರೆ 1950ರ ದಶಕದ ಕಾರ್ಡೂ ಒಂದು ಕಾಫಿಯ ದುಡ್ಡಿಗೆ ಸಿಗುತ್ತದೆ.

ಮೊದಮೊದಲು ಹುಡುಕಿದ್ದು ಎಡವಟ್ಟಾದ ಕಾರ್ಡುಗಳನ್ನು. 1959ರ ಟಾಪ್ಸ್ ಕಾರ್ಡಿನಲ್ಲಿ ಲೂ ಬರ್ಡೆಟ್ ಎಡಗೈಯಲ್ಲಿ ಚೆಂಡು ಎಸೆಯುವ ಭಂಗಿಯಲ್ಲಿದ್ದಾನೆ. ಅವನು ಅಪ್ಪಟ ಬಲಗೈ ಪಿಚರ್, ಅಂದರೆ ಚೆಂಡೆಸೆಯುವವ. ಅವನು ಬೇಕೆಂದೇ ಮಾಡಿದ ತಮಾಷೆ, ಕಂಪನಿಗೆ ಗೊತ್ತೇ ಆಗಲಿಲ್ಲ. 1969ರ ಆರೇಲಿಯೊ ರೊಡ್ರಿಗಸ್ ಕಾರ್ಡಿನಲ್ಲಿ ಇರುವುದು ರೊಡ್ರಿಗಸ್ ಅಲ್ಲವೇ ಅಲ್ಲ, ತಂಡದ ಬ್ಯಾಟ್ ಎತ್ತಿಡುವ ಹುಡುಗ!

ಆದರೆ ನನ್ನ ನಿಜವಾದ ಹುಚ್ಚು ತಿಂಡಿ ಡಬ್ಬಿಯ ಕಾರ್ಡುಗಳದ್ದು. ಇಲ್ಲಿನ ಸಂಗ್ರಾಹಕರು ಇಂಥವನ್ನು 'ಆಡ್‌ಬಾಲ್' ಅನ್ನುತ್ತಾರೆ. ಹೋಸ್ಟೆಸ್ ಕೇಕ್ ಕಂಪನಿ 1975ರಿಂದ 1979ರವರೆಗೆ ಡಬ್ಬಿಯ ತಳದಲ್ಲಿ ಮೂರು ಮೂರು ಕಾರ್ಡು ಅಚ್ಚು ಹಾಕಿಸುತ್ತಿತ್ತು, ವರ್ಷಕ್ಕೆ 150. ಕತ್ತರಿಸಿದ್ದು ಮಕ್ಕಳು. ಹಾಗಾಗಿ ಒಂದರ ಅಂಚು ಡೊಂಕು, ಇನ್ನೊಂದರಲ್ಲಿ ಆಟಗಾರನ ಟೋಪಿಯೇ ಅರ್ಧ ಮಾಯ. ಕೆಲವದರ ಮೇಲೆ ಕೇಕಿನ ಜಿಡ್ಡಿನ ಕಲೆಯೂ ಉಂಟು. ವ್ಯಾಪಾರಿಗೆ ಅದು ಕುಂದು, ನನಗೆ ರಿಯಾಯಿತಿ.

ಕೆಲಾಗ್ಸ್ ಕಾರ್ಡುಗಳ ಕಥೆ ಬೇರೆ. 1970ರಿಂದ 1983ರವರೆಗೆ ಬೆಳಗಿನ ತಿಂಡಿಯ ಸೀರಿಯಲ್ ಡಬ್ಬಿಯೊಳಗೆ ಬಂದವು. 1973ರದ್ದನ್ನು ಬಿಟ್ಟರೆ ಎಲ್ಲ 3-ಡಿ. ಚಿತ್ರದ ಮೇಲೆ ಸಣ್ಣ ಸಣ್ಣ ಗೀರುಗಳ ಪ್ಲಾಸ್ಟಿಕ್ ಪದರ, ಅಲುಗಿಸಿದರೆ ಆಟಗಾರ ಹಿನ್ನೆಲೆಯಿಂದ ಎದ್ದು ಮುಂದೆ ಬರುತ್ತಾನೆ. ವರ್ಷ ಕಳೆದಂತೆ ಪ್ಲಾಸ್ಟಿಕ್ ಕುಗ್ಗಿ ಕಾರ್ಡು ಬಿಸಿಲಿಗಿಟ್ಟ ಹಪ್ಪಳದ ಹಾಗೆ ಬಾಗುತ್ತದೆ. ಬಲವಂತವಾಗಿ ನೆಟ್ಟಗೆ ಮಾಡಲು ಹೋದರೆ ಅಡ್ಡಡ್ಡ ಬಿರುಕು. ಕೊಳ್ಳುವಾಗ ದೀಪದ ಬೆಳಕಿಗೆ ಓರೆಯಾಗಿ ಹಿಡಿಯುತ್ತೇನೆ, ನೇರ ನೋಡಿದರೆ ಕಾಣದ ಬಿರುಕು ಆಗ ಹೊಳೆಯುತ್ತದೆ. ಬಾಗಿದ್ದು ಬಾಗಿದಂತೆಯೇ ಇರಲಿ ಅಂತ ಬಿಟ್ಟಿದ್ದೇನೆ. 1970ರ ರೊಬರ್ಟೊ ಕ್ಲಮೆಂಟೆ ಕಾರ್ಡು ಬಿರುಕಿದ್ದಕ್ಕೇ ನನ್ನ ಕೈಗೆಟುಕಿತು. ಪೋರ್ಟೊ ರಿಕೊದ ಈತ 1972ರ ಡಿಸೆಂಬರ್ 31ರಂದು ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ನೆರವು ಒಯ್ಯುವಾಗ ವಿಮಾನ ಅಪಘಾತದಲ್ಲಿ ತೀರಿಕೊಂಡ. ಹಿಟ್‌ಗಳ ಲೆಕ್ಕ ಸರಿಯಾಗಿ 3,000ಕ್ಕೆ ನಿಂತಿತು. ಟಾಪ್ಸ್ ಮಾತ್ರ 1957ರಿಂದ 1969ರವರೆಗೂ ಅವನ ಹೆಸರನ್ನು ಇಂಗ್ಲಿಷ್ ಮಾಡಿ 'ಬಾಬ್' ಅಂತಲೇ ಅಚ್ಚು ಹಾಕಿತ್ತು. ನಡುವೆ ಮಡಚಿದ ಆ ಬಾಬ್ ಕಾರ್ಡನ್ನು ಇದರ ಪಕ್ಕದಲ್ಲೇ ಇಟ್ಟಿದ್ದೇನೆ.

ಅಗ್ಗದ ಕಾರ್ಡಿನಲ್ಲೂ ಮೋಸ ಇದೆ. ಸವೆದ ಅಂಚು ಸವರಿ ಹೊಸದಾಗಿ ಕಾಣುವಂತೆ ಮಾಡುತ್ತಾರೆ. ಅದಕ್ಕೇ ಜೇಬಿನಲ್ಲಿ ಅಳತೆಪಟ್ಟಿ. 1957ರಿಂದೀಚಿನ ಟಾಪ್ಸ್ ಕಾರ್ಡು ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಎತ್ತರ ಇರಬೇಕು. ಎರಡನೇ ಮಹಾಯುದ್ಧಕ್ಕೂ ಹಿಂದಿನದು ಅಂದರೆ ನೇರಳಾತೀತ ಟಾರ್ಚ್ ಬಿಡುತ್ತೇನೆ: ಕಾಗದ ನೀಲಿಯಾಗಿ ಬೆಳಗಿದರೆ ಅದು ಈಚಿನ ಮರುಮುದ್ರಣ. ಇಡುವುದಕ್ಕೆ ಪಿವಿಸಿ ಪ್ಲಾಸ್ಟಿಕ್ ಇಲ್ಲದ ತೆಳು ಕವರ್ ಸಾಕು.

ಸದ್ಯ ಹುಡುಕುತ್ತಿರುವುದು 1971ರ ಕೆಲಾಗ್ಸ್ ಕಾರ್ಡುಗಳನ್ನು. ಆ ವರ್ಷ ಪೂರ್ತಿ ಸೆಟ್ಟನ್ನು ಅಂಚೆಯಲ್ಲಿ ತರಿಸಿಕೊಳ್ಳುವ ಅವಕಾಶವಿರಲಿಲ್ಲ, ಡಬ್ಬಿಯೊಂದಕ್ಕೆ ಬಂದದ್ದಷ್ಟೇ. ಎಪ್ಪತ್ತೈದರಲ್ಲಿ ಅರ್ಧವೂ ಆಗಿಲ್ಲ, ಬಿರುಕಿದ್ದರೂ ನಡೆಯುತ್ತದೆ.