ಮನೆಮಂದಿಗೆಲ್ಲ ಒಗ್ಗುವ ಏಷ್ಯನ್ ಊಟ: ಮೈಸೂರಿನಲ್ಲಿ ನಾನು ಜಾಗ ಗೊತ್ತು ಮಾಡುವ ಬಗೆ

ಅರವತ್ತರ ಶಾಂತಿ ಮುಗಿದ ರಾತ್ರಿಯ ಊಟ, ಅಪ್ಪ ಅಮ್ಮನ ಮದುವೆಯ ಇಪ್ಪತ್ತೈದನೇ ವರ್ಷ, ಮಗಳಿಗೆ ಕೆಲಸ ಸಿಕ್ಕ ಖುಷಿ. ಇಂಥದ್ದಕ್ಕೆ ಚೈನೀಸ್, ಥಾಯ್, ಜಪಾನೀಸ್ ಬಡಿಸುವ ದುಬಾರಿ ಹೋಟೆಲ್ ಹುಡುಕುವಾಗ ನಾನು ಮೆನು ತೆರೆಯುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳುತ್ತೇನೆ. ಬರುವ ಒಬ್ಬೊಬ್ಬರ ಹೆಸರಿನ ಮುಂದೆ ಮೊಟ್ಟೆ, ಈರುಳ್ಳಿ ಬೆಳ್ಳುಳ್ಳಿ, ಮೀನು, ಕಡಲೆಕಾಯಿ, ಬಿಪಿ ಅಂತ ಗೀಟು ಹಾಕುತ್ತೇನೆ. ಯಾರ ಸಾಲಿನಲ್ಲಿ ಅತಿ ಹೆಚ್ಚು 'ಬೇಡ' ಇದೆಯೋ, ಹೋಟೆಲ್ ಆರಿಸುವುದು ಅವರ ತಟ್ಟೆಗೆ. ಸಾಮಾನ್ಯವಾಗಿ ಅದು ಅಜ್ಜಿಯ ತಟ್ಟೆ. ಎಲ್ಲ ತಿನ್ನುವ ಹುಡುಗರಿಗೆ ಎಲ್ಲಿ ಹೋದರೂ ನಡೆಯುತ್ತದೆ.

ಆಮೇಲೆ ದಿನ. ಮಂಡ್ಯ ಕಡೆಯ ನಮ್ಮ ನೆಂಟರಲ್ಲಿ ಸೋಮವಾರ, ಶನಿವಾರ ಬಾಡು ಮುಟ್ಟದವರು ಅರ್ಧಕ್ಕರ್ಧ. ಶ್ರಾವಣ ಬಂದರೆ ಇಡೀ ತಿಂಗಳು ಬಿಡುವವರೂ ಇದ್ದಾರೆ. ಸಂಕಷ್ಟಿ ದಿನ ಚಂದ್ರ ಕಾಣುವವರೆಗೆ ಉಪವಾಸ, ಅಂದರೆ ರಾತ್ರಿ ಒಂಬತ್ತರ ಆಸುಪಾಸಿಗೆ ಊಟ. ಕ್ಯಾಲೆಂಡರಿನಲ್ಲಿ ಇನ್ನೊಂದನ್ನೂ ನೋಡುತ್ತೇನೆ: ಜೋರು ಲಗ್ನದ ದಿನವೋ ಅಂತ. ಸ್ಟಾರ್ ಹೋಟೆಲಿನ ಹಾಲ್‌ನಲ್ಲಿ ಆರತಕ್ಷತೆ ಇದ್ದರೆ ಪಾರ್ಕಿಂಗ್ ಸಿಗುವುದಿಲ್ಲ, ಲಿಫ್ಟ್ ತುಂಬಿರುತ್ತದೆ, ಅಡುಗೆಮನೆಯ ಅನುಭವಸ್ಥ ಕೈಗಳೆಲ್ಲ ಅತ್ತ ಹೋಗಿರುತ್ತವೆ. ಭಾನುವಾರ ಸಂಜೆ ಏಳರ ಸುಮಾರಿಗೆ ಅರಮನೆಯ ದೀಪ ಹತ್ತುವುದರಿಂದ ಹಾರ್ಡಿಂಜ್ ಸರ್ಕಲ್, ಕೆ.ಆರ್. ಸರ್ಕಲ್ ಸುತ್ತ ಗಾಡಿ ಅಲ್ಲಾಡುವುದಿಲ್ಲ. ಮಂಡ್ಯದಿಂದ ಸುಮಾರು 45 ಕಿ.ಮೀ. ಬರುವವರು ಊರೊಳಗೆ ನುಗ್ಗದೆ ರಿಂಗ್ ರೋಡ್ ಹಿಡಿದು ಗೋಕುಲಂ, ವಿಜಯನಗರ ಕಡೆ ಇಳಿಯುವಂಥ ಜಾಗವಾದರೆ ಒಳ್ಳೆಯದು. ದಸರಾ ಹತ್ತು ದಿನ ಈ ಲೆಕ್ಕವೆಲ್ಲ ಬಿಟ್ಟು ಮನೆಯಲ್ಲೇ ಉಣ್ಣುವುದು ವಾಸಿ.

ಮೂರು ನಾಲ್ಕು ಜಾಗ ಉಳಿದ ಮೇಲೆ ಫೋನು. ಮಧ್ಯಾಹ್ನ ಮೂರೂವರೆಯಿಂದ ಐದೂವರೆಯೊಳಗೆ ಮಾಡುತ್ತೇನೆ, ಆಗ ಕಿಚನ್ ಬಿಡುವಾಗಿರುತ್ತದೆ. ಬುಕಿಂಗ್ ತೆಗೆದುಕೊಳ್ಳುವವರು ಏನು ಕೇಳಿದರೂ "ಎಲ್ಲ ವೆಜ್ ಇದೆ ಸರ್" ಅನ್ನುತ್ತಾರೆ. ಶೆಫ್ ಅಥವಾ ಸೀನಿಯರ್ ಕ್ಯಾಪ್ಟನ್‌ಗೆ ಕೊಡಿ ಅನ್ನಬೇಕು. ಹೌದು, ಇಲ್ಲ ಅಂತ ಮುಗಿಸಲಾಗದ ಪ್ರಶ್ನೆ ಕೇಳಬೇಕು. "ಥಾಯ್ ಕರಿ ಪೇಸ್ಟ್ ಅಲ್ಲೇ ಅರೆಯುತ್ತೀರಾ, ಡಬ್ಬದ್ದಾ? ವೆಜ್‌ಗೆ ಬೇರೆ ಪೇಸ್ಟ್ ಯಾವುದು?"

ಇದನ್ನು ಕೇಳಲು ಕಾರಣವಿದೆ. ಗ್ರೀನ್ ಕರಿ, ರೆಡ್ ಕರಿ ತೆಂಗಿನ ಹಾಲಿನದಾದ್ದರಿಂದ ನಮ್ಮ ಸಾಗುವಿನ ಹಾಗೆ ಕಾಣುತ್ತದೆ. ಆದರೆ ಮೂಲ ಪೇಸ್ಟಿನಲ್ಲಿ ಸಾಮಾನ್ಯವಾಗಿ ಹುದುಗಿಸಿದ ಸೀಗಡಿ ಇರುತ್ತದೆ, ಮೇಲೆ ಉಪ್ಪಿನ ಬದಲು ಫಿಶ್ ಸಾಸ್ ಬೀಳುತ್ತದೆ. ಕೋಳಿ ಹಾಕದೆ ಬೇಬಿ ಕಾರ್ನ್ ಹಾಕಿದ ಮಾತ್ರಕ್ಕೆ ಅದು ಸಸ್ಯಾಹಾರ ಆಗುವುದಿಲ್ಲ. ಆಯ್ಸ್ಟರ್ ಸಾಸ್ ಸಿಂಪಿಯಿಂದ ಮಾಡಿದ್ದು, ಅದರ ಅಣಬೆಯ ರೂಪ ಸಿಗುತ್ತದೆ. ಇವರ ಹತ್ತಿರ ಇದೆಯೇ ಅಂತ ಕೇಳಿ. ಜಪಾನಿನ ಮಿಸೊ (ಹುದುಗಿಸಿದ ಸೋಯಾ) ಸೂಪಿನ ತಳದಲ್ಲಿರುವ ದಾಶಿ ನೀರಿಗೆ ಒಣಗಿಸಿ ಹೆರೆದ ಮೀನು ಹಾಕುತ್ತಾರೆ. ಕಡಲ ಪಾಚಿ, ಶಿಟಾಕೆ ಅಣಬೆ ಮಾತ್ರ ಹಾಕಿ ಮಾಡಿಕೊಡುವವರೂ ಇದ್ದಾರೆ. ಕಿಮ್ಚಿ ಬರೀ ಎಲೆಕೋಸಿನ ಉಪ್ಪಿನಕಾಯಿ ಅಂದುಕೊಂಡರೆ ಅಲ್ಲೂ ಹೆಚ್ಚಾಗಿ ಸೀಗಡಿ ಉಪ್ಪೋ ಫಿಶ್ ಸಾಸೋ ಇರುತ್ತದೆ. ನೂಡಲ್ಸ್‌ಗೆ ಮೊಟ್ಟೆ, ಸಿಹಿ ತಿನಿಸಾದ ಮೂಸ್‌ಗೆ ಪ್ರಾಣಿಯ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಬೀಳುವುದುಂಟು.

ಇನ್ನೆರಡು ಪ್ರಶ್ನೆ ಪಾತ್ರೆಯ ಬಗ್ಗೆ. ಸೂಪಿನ ಸ್ಟಾಕ್, ಅಂದರೆ ತರಕಾರಿಯೋ ಮೂಳೆಯೋ ಕುದಿಸಿ ತೆಗೆದ ಕಟ್ಟು, ವೆಜ್‌ಗೆ ಬೇರೆ ಕುದಿಯುತ್ತದೆಯೇ? ಸ್ಪ್ರಿಂಗ್ ರೋಲ್ ಕರಿಯುವ ಎಣ್ಣೆಯಲ್ಲೇ ಸೀಗಡಿಯೂ ಬೇಯುತ್ತದೆಯೇ? ಎದುರಿಗೇ ಕಾವಲಿಯ ಮೇಲೆ ಬೇಯಿಸಿಕೊಡುವ ತೆಪ್ಪನ್ಯಾಕಿ ಮಕ್ಕಳಿಗೆ ಮಜಾ, ಆದರೆ ಕಾವಲಿ ಎಲ್ಲರಿಗೂ ಒಂದೇ. ಮಡಿ ಅಲ್ಲದಿದ್ದರೂ ಆ ವಾಸನೆಗೆ ಅಜ್ಜಿ ಎದ್ದು ಹೋಗಬಹುದು. ಈ ಪ್ರಶ್ನೆಗಳಿಗೆ "ಒಂದು ನಿಮಿಷ, ಕಿಚನ್‌ನಲ್ಲಿ ಕೇಳಿ ಹೇಳುತ್ತೇನೆ" ಅನ್ನುವ ಜಾಗವನ್ನು ನಾನು ನಂಬುತ್ತೇನೆ. ತಟ್ಟನೆ "ನೋ ಪ್ರಾಬ್ಲಂ" ಅಂದವರನ್ನು ಪಟ್ಟಿಯಿಂದ ಹೊಡೆದುಹಾಕುತ್ತೇನೆ.

ಬಿಪಿ ಇರುವವರ ವಿಷಯಕ್ಕೆ ಎಲ್ಲರೂ ಟೇಸ್ಟಿಂಗ್ ಪೌಡರ್ ಬೇಡ ಅನ್ನುತ್ತಾರೆ. ನಿಜವಾದ ಉಪ್ಪು ಕೂತಿರುವುದು ಸೋಯಾ ಸಾಸಿನಲ್ಲಿ. ಒಂದು ದೊಡ್ಡ ಚಮಚದಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ, ಅಂದರೆ 2 ಗ್ರಾಂಗೂ ಮೀರಿ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವುದೇ 5 ಗ್ರಾಂಗಿಂತ ಕಡಿಮೆ. ಬಿಪಿ ಇರುವವರಿಗೆ ಬರೀ ಆವಿಯಲ್ಲಿ ಬೇಯಿಸಿದ್ದು ಹೇಳಿ, ಸಾಸ್ ಪಕ್ಕದಲ್ಲಿ ಕೊಡಿ ಅನ್ನುತ್ತೇನೆ. ಸೋಯಾ ಸಾಸಿನಲ್ಲಿ ಸಾಮಾನ್ಯವಾಗಿ ಗೋಧಿಯೂ ಇರುತ್ತದೆ, ಗೋಧಿ ಒಗ್ಗದವರು ಇದ್ದರೆ ಅದನ್ನೂ ಹೇಳಬೇಕು.

ಮೊದಲ ಆಯ್ಕೆಯ ಜಾಗಕ್ಕೆ ಒಂದು ವಾರದ ಮುಂಚೆ, ಬುಧವಾರವೋ ಗುರುವಾರವೋ, ಇಬ್ಬರು ಹೋಗಿ ಮಧ್ಯಾಹ್ನದ ಊಟ ಮಾಡುವುದು ನನ್ನ ರೂಢಿ. ನಾಲ್ಕೇ ಪದಾರ್ಥ ಸಾಕು. ಕ್ಲಿಯರ್ ಸೂಪ್: ಸ್ಟಾಕ್ ಇಲ್ಲದಿದ್ದರೆ ಬಿಸಿ ಉಪ್ಪುನೀರಿನ ರುಚಿ, ಅದನ್ನು ಮುಚ್ಚಲು ಕಾರ್ನ್‌ಫ್ಲೋರ್ ಇಲ್ಲ. ಬಾಣಲೆಯಲ್ಲಿ ಬಾಡಿಸಿದ ಪಾಕ್ ಚಾಯ್ ಸೊಪ್ಪು: ತಟ್ಟೆಯ ತಳದಲ್ಲಿ ನೀರು ನಿಂತಿದ್ದರೆ ಬಾಣಲೆ ಕಾದಿರಲಿಲ್ಲ, ಅಥವಾ ಒಂದೇ ಸಲ ಹೆಚ್ಚು ಸುರಿದಿದ್ದಾರೆ. ಡಿಮ್ ಸಮ್ (ಬುಟ್ಟಿಯಲ್ಲಿಟ್ಟು ಆವಿಗೆ ಬೇಯಿಸುವ ಚೈನೀಸ್ ಕಡುಬು): ಪದರ ಬುಟ್ಟಿಗೆ ಅಂಟಿ ಹರಿದರೆ ಹೆಚ್ಚು ಬೆಂದಿದೆ, ಅಂಚು ಗಟ್ಟಿಯಾಗಿದ್ದರೆ ಮೊದಲೇ ಬೇಯಿಸಿಟ್ಟದ್ದು. ಒಂದು ಥಾಯ್ ಕರಿ: ನಿಂಬೆಹುಲ್ಲಿನ ವಾಸನೆ ಮೊದಲು ಬರಬೇಕು, ಸಕ್ಕರೆ ಆಮೇಲೆ. ಇವಲ್ಲದೆ, ಯಾರ ಮೇಜಿಗಾದರೂ ಮಂಚೂರಿ ಕೆಂಪಗೆ ಹೊಳೆಯುತ್ತಾ ಬಂದರೆ ಅಲ್ಲಿಗೇ ಮುಗಿಯಿತು. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದೆಂದು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲೇ ಹೇಳಿದೆ.

ಸುಶಿ, ಅಂದರೆ ಅನ್ನದ ಜೊತೆ ಹಸಿ ಮೀನೋ ತರಕಾರಿಯೋ ಇಟ್ಟು ಮಾಡುವ ಜಪಾನಿನ ತಿನಿಸು, ಅದರ ಬಗ್ಗೆ ನನ್ನ ನಿಲುವು ಸ್ವಲ್ಪ ಬಿಗಿ. ಹಸಿ ಮೀನಿನ ಹುಳು ಸಾಯಲು -20 ಡಿಗ್ರಿ ಸೆಲ್ಸಿಯಸ್‌ನಲ್ಲಿ 7 ದಿನ ಇಟ್ಟಿರಬೇಕು. ಯಾವ ಮೀನು, ಹೇಗೆ ಬಂತು, ಎಂದು ಕರಗಿಸಿದಿರಿ ಅಂತ ಕೇಳಿದರೆ ಸರಿಯಾದ ಶೆಫ್ ಬೇಸರಿಸುವುದಿಲ್ಲ. ಗರ್ಭಿಣಿಯರಿಗೆ, ವಯಸ್ಸಾದವರಿಗೆ ಹಸಿಯದು ಬೇಡವೇ ಬೇಡ. ಸೌತೆಕಾಯಿ, ಬೆಣ್ಣೆಹಣ್ಣಿನ ರೋಲ್ ಚೆನ್ನಾಗಿಯೇ ಇರುತ್ತದೆ.

ಆ ಮಧ್ಯಾಹ್ನವೇ ಕೂರುವ ಜಾಗವನ್ನೂ ನೋಡಿ ಬರುವುದು. ಮೆಟ್ಟಿಲು ಎಷ್ಟು, ಕೈಯಿಲ್ಲದ ಕುರ್ಚಿ ಸಿಗುತ್ತದೆಯೇ, ಎಸಿ ಗಾಳಿ ಯಾರ ತಲೆಗೆ ಹೊಡೆಯುತ್ತದೆ, ಟಾಯ್ಲೆಟ್ ಎಷ್ಟು ದೂರ.

ಹನ್ನೆರಡು ಜನಕ್ಕೆ ನನ್ನ ಲೆಕ್ಕ ಹೀಗಿದೆ. ಸೂಪ್ ಆರು, ಬೈ ಟು. ದೊಡ್ಡ ಹೋಟೆಲಿನಲ್ಲಿ ಬೈ ಟು ಕೇಳಲು ಸಂಕೋಚ ಬೇಡ, ಎರಡು ಬಟ್ಟಲಿಗೆ ಹಂಚಿಯೇ ತರುತ್ತಾರೆ. ಡಿಮ್ ಸಮ್ ತಲೆಗೆ ಎರಡು. ಬುಟ್ಟಿಯಲ್ಲಿ ನಾಲ್ಕಿದೆಯೋ ಆರಿದೆಯೋ ಕೇಳಿ 24 ಆಗುವಷ್ಟು, ಎರಡು ಕಂತಿನಲ್ಲಿ. ಒಟ್ಟಿಗೆ ತರಿಸಿದರೆ ಎಸಿಯಲ್ಲಿ ಐದ್ಹತ್ತು ನಿಮಿಷಕ್ಕೆ ಪದರ ಒಣಗುತ್ತದೆ. ಸ್ಟಾರ್ಟರ್ ಮೂರು ಬಗೆ, ಗ್ರೇವಿ ನಾಲ್ಕು, ಅನ್ನ ನೂಡಲ್ಸ್ ಸೇರಿ ನಾಲ್ಕು ಪ್ಲೇಟ್. ಬೇಕಾದರೆ ಮತ್ತೆ ಹೇಳಬಹುದು. ಉದ್ದ ಮೇಜಾದರೆ ಪ್ರತಿ ಪದಾರ್ಥವೂ ಎರಡು ಸಣ್ಣ ಪ್ಲೇಟಿನಲ್ಲಿ ಎರಡು ತುದಿಗೆ ಬರಲಿ, ಸಸ್ಯಾಹಾರಿಗಳು ಒಂದೇ ತುದಿಗೆ ಕೂರಲಿ, ಸೌಟುಗಳು ಅದಲು ಬದಲಾಗುವುದಿಲ್ಲ. ಸಿಚುವಾನ್ ಅಂತ ಬರೆದಿದ್ದರೆ ಆ ಮೆಣಸು ನಮ್ಮ ಮಲೆನಾಡಿನ ಜುಮ್ಮನಕಾಯಿಯ ಸಂಬಂಧಿ, ನಾಲಿಗೆ ಜುಮ್ಮೆನ್ನುತ್ತದೆ ಅಂತ ಹಿರಿಯರಿಗೆ ಮೊದಲೇ ಹೇಳಿಬಿಡಿ. ಇನ್ನೊಂದು ಸೂಕ್ಷ್ಮ: ಥಾಯ್ ಅಡುಗೆಯ ಹೋಲಿ ಬೇಸಿಲ್ ನಮ್ಮ ತುಳಸಿಯೇ. ಕೋಳಿಯ ಜೊತೆ ತುಳಸಿ ಅಂತ ಕ್ಯಾಪ್ಟನ್ ಉತ್ಸಾಹದಿಂದ ವಿವರಿಸಿದರೆ ದೊಡ್ಡಮ್ಮ ಚಮಚ ಕೆಳಗಿಡುತ್ತಾರೆ.

ಏಳೂಕಾಲಕ್ಕೆ ಕೂತು, ಹಿಂದಿನ ದಿನವೇ ಫೋನಿನಲ್ಲಿ ಹೇಳಿಟ್ಟ ಸೂಪ್ ಏಳೂವರೆಗೆ ಬಂದರೆ ಹಿರಿಯರು, ಮಕ್ಕಳು ಸಿಡುಕುವುದಿಲ್ಲ. ಮಕ್ಕಳ ಫ್ರೈಡ್ ರೈಸ್ ಕೂಡ ಆಗಲೇ ಬರಲಿ.

ದುಡ್ಡಿನ ವಿಷಯ ಬುಕ್ ಮಾಡುವಾಗಲೇ. ಬೇರೆ ಕೋಣೆ ಬೇಕೆಂದರೆ ಕನಿಷ್ಠ ಬಿಲ್ ಎಷ್ಟು, ಹೊರಗಿನ ಕೇಕ್ ತರಬಹುದೇ, ಕತ್ತರಿಸಿಕೊಡಲು ದುಡ್ಡು ತೆಗೆದುಕೊಳ್ಳುತ್ತಾರೆಯೇ. ಜಿಎಸ್‌ಟಿ ಸ್ವತಂತ್ರ ರೆಸ್ಟೋರೆಂಟಿಗೆ ಶೇ 5. ಹಿಂದಿನ ಹಣಕಾಸು ವರ್ಷದಲ್ಲಿ ಒಂದೇ ಒಂದು ಕೋಣೆಯನ್ನಾದರೂ ದಿನಕ್ಕೆ 7,500 ರೂಪಾಯಿಗಿಂತ ಹೆಚ್ಚಿಗೆ ಕೊಟ್ಟ ಹೋಟೆಲಿನೊಳಗಿನ ರೆಸ್ಟೋರೆಂಟಿಗೆ ಶೇ 18, ಇದು 2025ರ ಏಪ್ರಿಲ್ 1ರಿಂದ ಇರುವ ಲೆಕ್ಕ. 12,000 ರೂಪಾಯಿಯ ಊಟಕ್ಕೆ ಒಂದು ಕಡೆ 600 ತೆರಿಗೆ, ಇನ್ನೊಂದು ಕಡೆ 2,160. ಸರ್ವಿಸ್ ಚಾರ್ಜ್ ತಾನಾಗಿ ಸೇರಿಸುವಂತಿಲ್ಲ ಅಂತ 2022ರ ಜುಲೈನಲ್ಲಿ ಬಂದ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ. ಬಿಲ್ಲಿನಲ್ಲಿ ಕಂಡರೆ ತೆಗೆಯಿರಿ ಅನ್ನಿ, ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915. ನನಗೆ ಬಡಿಸಿದವರ ಕೈಗೆ ನೇರ ಕೊಡುವುದೇ ಇಷ್ಟ.

ಉಳಿದದ್ದರಲ್ಲಿ ಕರಿ, ಅನ್ನ ಕಟ್ಟಿಸಿಕೊಳ್ಳಬಹುದು, ಎರಡು ಗಂಟೆಯೊಳಗೆ ಫ್ರಿಜ್ ಸೇರುವುದಾದರೆ. ಡಿಮ್ ಸಮ್ ಕಟ್ಟಿಸಬೇಡಿ. ಮಂಡ್ಯದಿಂದ ಟಿಟಿ ಮಾಡಿಕೊಂಡು ಬಂದಿದ್ದರೆ ಡ್ರೈವರ್‌ಗೆ ಏನು ಬೇಕು ಅಂತ ಇಳಿಯುವಾಗಲೇ ಕೇಳಿ, ಊಟಕ್ಕೆ ದುಡ್ಡು ಕೊಟ್ಟು ಕಳಿಸಿ. ಹತ್ತೂವರೆಗೆ ನೀವು ಹೊರಗೆ ಬಂದಾಗ ಹತ್ತಿರದ ಮೆಸ್‌ಗಳು ಬಾಗಿಲು ಹಾಕಿರುತ್ತವೆ.