ಕೈಬಲದಿಂದಲೇ ನಡೆಯುವ ಎಲೆಕ್ಟ್ರಾನಿಕ್ ಬೀಗ: ಒಳರಚನೆ ಮಾಡುವ ಬಗೆ

ಬ್ಯಾಟರಿ ಇಲ್ಲದ, ಹಿಡಿಕೆ ತಿರುಗಿಸಿದಾಗ ಹುಟ್ಟುವ ವಿದ್ಯುತ್ತಿನಿಂದಲೇ ತೆರೆದುಕೊಳ್ಳುವ ಬೀಗವನ್ನು ಮೊದಲ ಸಲ ವಿನ್ಯಾಸ ಮಾಡುವವರು ಹೆಚ್ಚಾಗಿ ಜನರೇಟರನ್ನು ದೊಡ್ಡದು ಮಾಡುತ್ತ ಹೋಗುತ್ತಾರೆ. ತಿದ್ದಬೇಕಾದ್ದು ಇನ್ನೊಂದು ತುದಿ. ಅಗುಳಿ ಎಳೆಯುವ ಕೆಲಸ ಕೈಗೇ ಇರಲಿ. ಕೈಬಲ ಅಗುಳಿಯವರೆಗೆ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸಿ, ಒಂದು ಪುಟ್ಟ ಪಿನ್ನನ್ನು ಒಂದೂವರೆ ಮಿಲಿಮೀಟರ್ ಸರಿಸುವುದಷ್ಟೇ ವಿದ್ಯುತ್ತಿನ ಪಾಲು. 0.5 ನ್ಯೂಟನ್ ಸ್ಪ್ರಿಂಗಿಗೆ ಎದುರಾಗಿ ಅಷ್ಟು ದೂರ ಸರಿಸಲು ಬೇಕಿರುವುದು 0.75 ಮಿಲಿಜೂಲ್. ಅದೇ ಜಾಗದಲ್ಲಿ ಸೊಲೆನಾಯ್ಡ್ (ಸುರುಳಿಯ ವಿದ್ಯುದಯಸ್ಕಾಂತ) ಕೂರಿಸಿ 5 ವೋಲ್ಟ್, 1 ಆಂಪಿಯರಿನಲ್ಲಿ ಒಂದು ಸೆಕೆಂಡ್ ಹಿಡಿದಿಟ್ಟರೆ 5 ಜೂಲ್ ಖರ್ಚು. ಮುಂದಿನ ಲೆಕ್ಕದ ಪ್ರಕಾರ ಅದು ಇಪ್ಪತ್ತು ಸಲ ಹಿಡಿಕೆ ತಿರುಗಿಸಿದರೆ ಸಿಗುವ ಶಕ್ತಿ.

ಮೊದಲು ಖರ್ಚಿನ ಪಟ್ಟಿ ಬರೆಯಿರಿ. ಬೀಗ ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್ಪಾದ ಮೈಕ್ರೊಕಂಟ್ರೋಲರ್ 3 ವೋಲ್ಟ್, 4 ಮಿಲಿಆಂಪಿಯರಿನಲ್ಲಿ ಅರ್ಧ ಸೆಕೆಂಡ್ ಓಡಿದರೆ 6 ಮಿಲಿಜೂಲ್. ಕಾರ್ಡ್ ರೀಡರ್ 3.3 ವೋಲ್ಟ್, 80 ಮಿಲಿಆಂಪಿಯರಿನಲ್ಲಿ 60 ಮಿಲಿಸೆಕೆಂಡ್: ಸುಮಾರು 16. ಪಿನ್ ಸರಿಸುವ ಸಣ್ಣ ಕೋರ್‌ಲೆಸ್ (ಕಬ್ಬಿಣದ ತಿರುಳಿಲ್ಲದ) ಮೋಟರ್ 3 ವೋಲ್ಟ್, 120 ಮಿಲಿಆಂಪಿಯರಿನಲ್ಲಿ 150 ಮಿಲಿಸೆಕೆಂಡ್: 54. ದಾಖಲೆ ಬರೆಯಲು 2. ಮೋಟರಿನ 54ನ್ನು ಎರಡು ಸಲ ಸೇರಿಸಬೇಕು, ಕಾರಣ ಕೆಳಗಿದೆ. ಒಟ್ಟು 132. ವೋಲ್ಟೇಜ್ ಇಳಿಸುವ ಬಕ್ ಕನ್ವರ್ಟರಿನ ದಕ್ಷತೆ 85 ಪ್ರತಿಶತ ಎಂದಿಟ್ಟರೆ ಶಕ್ತಿ ಕೂಡಿಡುವ ಕೆಪಾಸಿಟರಿನಿಂದ 155 ಹೊರಬರಬೇಕು. ಐದನೇ ಒಂದು ಪಾಲು ಹೆಚ್ಚುವರಿ ಸೇರಿಸಿದರೆ 186 ಮಿಲಿಜೂಲ್.

ಇನ್ನು ಆದಾಯ. ವಯಸ್ಸಾದವರೂ ತಿರುಗಿಸುವ ಹಿಡಿಕೆಯಲ್ಲಿ ಟಾರ್ಕ್ (ತಿರುಗಿಸುವ ಬಲ) 1 ನ್ಯೂಟನ್-ಮೀಟರ್ ದಾಟಬಾರದು, ಜನರೇಟರಿಗೆ 0.8 ಕೊಡಿ. 45 ಡಿಗ್ರಿ ತಿರುವಿಗೆ 0.63 ಜೂಲ್ ಸಿಗುತ್ತದೆ. ಗೇರು, ಸುರುಳಿ, ಡಯೋಡುಗಳ ನಷ್ಟ ಕಳೆದು 40 ಪ್ರತಿಶತ ಉಳಿದರೆ 0.25 ಜೂಲ್. ಸಾಕು, ಆದರೆ ಪೋಲು ಮಾಡುವಷ್ಟಿಲ್ಲ.

ಆ ತಿರುವು 0.4 ಸೆಕೆಂಡಿನಲ್ಲಿ ಮುಗಿದರೆ ಹಿಡಿಕೆಯ ಸರಾಸರಿ ವೇಗ ನಿಮಿಷಕ್ಕೆ 19 ಸುತ್ತು. ತಲಾ 1:4.3ರ ಮೂರು ಹಂತದ ಗೇರು ಹಾಕಿದರೆ ಒಟ್ಟು ಸುಮಾರು 1:80, ಜನರೇಟರಿಗೆ 1,500 ಸುತ್ತು ಸಿಗುತ್ತದೆ. ಮೊದಲ ಹಂತದ ಗೇರು ಉಕ್ಕಿನದೇ ಆಗಬೇಕು, ಟಾರ್ಕೆಲ್ಲ ಅಲ್ಲೇ ಬೀಳುತ್ತದೆ. ಉಳಿದೆರಡು ಅಸಿಟಾಲ್ ಪ್ಲಾಸ್ಟಿಕ್ಕಿನವಾದರೂ ನಡೆಯುತ್ತದೆ. ಗೇರುಗಳ ನಡುವೆ ಒಂದೇ ದಿಕ್ಕಿಗೆ ಬಲ ದಾಟಿಸುವ ಒನ್-ವೇ ಕ್ಲಚ್ ಮರೆಯಬೇಡಿ. ಹಿಡಿಕೆಯ ಕಡೆಯಿಂದ ನೋಡಿದರೆ ಜನರೇಟರಿನ ತಿರುಗುವ ಭಾಗವಾದ ರೋಟರಿನ ಜಡತ್ವ ಗೇರಿನ ಅನುಪಾತದ ವರ್ಗದಷ್ಟು, ಎಂದರೆ 6,400 ಪಟ್ಟು ಹೆಚ್ಚು. ಹಿಡಿಕೆ ಕೊನೆಗೆ ಹೋಗಿ ಟಕ್ಕೆಂದು ನಿಂತಾಗ, ಇನ್ನೂ ಓಡುತ್ತಿರುವ ರೋಟರ್ ಹಲ್ಲು ಮುರಿಯುತ್ತದೆ. ಕ್ಲಚ್ ಇದ್ದರೆ ರೋಟರ್ ತನ್ನ ಪಾಡಿಗೆ ತಿರುಗುತ್ತ ಉಳಿದ ಶಕ್ತಿಯನ್ನೂ ಕೆಪಾಸಿಟರಿಗೆ ತುಂಬುತ್ತದೆ.

ಎಲ್ಲರೂ ಒಂದೇ ವೇಗದಲ್ಲಿ ತಿರುಗಿಸುವುದಿಲ್ಲ. ಎರಡು ಸೆಕೆಂಡಿನಲ್ಲಿ ನಿಧಾನವಾಗಿ ತಿರುಗಿಸಿದರೆ ರೋಟರ್ ವೇಗ 300 ಸುತ್ತಿಗೆ ಇಳಿಯುತ್ತದೆ, ವೋಲ್ಟೇಜೂ ಅಷ್ಟೇ ಪ್ರಮಾಣದಲ್ಲಿ ಬೀಳುತ್ತದೆ. ಬಲವೆಲ್ಲ ಸರಿಯಾಗಿ ಕೊಟ್ಟೂ ಬಾಗಿಲು ತೆರೆಯದ ಸ್ಥಿತಿ ಇದು. ಬಹಳ ಜನ ಬಳಸುವ ಬಾಗಿಲಾದರೆ ನಡುವೆ ಒಂದು ಸ್ಪ್ರಿಂಗ್ ಹಾಕಿ: ಮೊದಲ 40 ಡಿಗ್ರಿಯಲ್ಲಿ ಅದು ಸುತ್ತಿಕೊಳ್ಳಲಿ, ಆಮೇಲೆ ಕೊಕ್ಕೆ ಜಾರಿ ಒಮ್ಮೆಲೇ ಬಿಡಲಿ. ಆಗ ರೋಟರ್ ವೇಗಕ್ಕೂ ಕೈಯ ವೇಗಕ್ಕೂ ಸಂಬಂಧವಿಲ್ಲ. ಸ್ವಲ್ಪ ಜಾಗ ತಿನ್ನುತ್ತದೆ, ಆದರೂ ಈ ಜಾಗ ಬಿಟ್ಟುಕೊಡುವುದೇ ಲೇಸು.

ಕೆಪಾಸಿಟರಿನಲ್ಲಿ ತಪ್ಪುವವರೇ ಹೆಚ್ಚು. ನಾಣ್ಯದಾಕಾರದ 0.1 ಫ್ಯಾರಡ್ ಸೂಪರ್‌ಕೆಪಾಸಿಟರ್ ಕಣ್ಣಿಗೆ ಚಂದ. ಆದರೆ ಅಂಥವುಗಳ ಒಳರೋಧ ಹತ್ತಾರು ಓಮ್ ಇರುತ್ತದೆ. 50 ಓಮ್ ಎಂದಿಟ್ಟರೆ 120 ಮಿಲಿಆಂಪಿಯರಿಗೆ 6 ವೋಲ್ಟ್ ಒಳಗೇ ನಷ್ಟ. ಮೋಟರ್ ಅಲುಗುವುದಿಲ್ಲ, ಕಂಟ್ರೋಲರ್ ರೀಸೆಟ್ ಆಗುತ್ತದೆ. ಸಾದಾ ಅಲ್ಯುಮಿನಿಯಂ ಇಲೆಕ್ಟ್ರೊಲಿಟಿಕ್ ತೆಗೆದುಕೊಂಡು, ಶಕ್ತಿಯನ್ನು ಹೆಚ್ಚು ವೋಲ್ಟೇಜಿನಲ್ಲಿ ಕೂಡಿಡಿ. ಶಕ್ತಿ ವೋಲ್ಟೇಜಿನ ವರ್ಗದಂತೆ ಏರುವುದರಿಂದ 2,200 ಮೈಕ್ರೊಫ್ಯಾರಡ್ ಕೆಪಾಸಿಟರ್, ತಯಾರಿಕೆಯ 20 ಪ್ರತಿಶತ ಕೊರತೆ ಕಳೆದರೂ, 16ರಿಂದ 5 ವೋಲ್ಟಿಗೆ ಇಳಿಯುವಷ್ಟರಲ್ಲಿ 203 ಮಿಲಿಜೂಲ್ ಕೊಡುತ್ತದೆ. 16 ವೋಲ್ಟಿನಲ್ಲಿ ತುಂಬಿದಷ್ಟೇ ಶಕ್ತಿಯನ್ನು 5 ವೋಲ್ಟಿನಲ್ಲಿ ಕೂಡಿಡಲು ಇದರ ಹತ್ತು ಪಟ್ಟಿಗೂ ಹೆಚ್ಚು ಮೈಕ್ರೊಫ್ಯಾರಡ್ ಬೇಕು. 25 ವೋಲ್ಟ್ ತಡೆಯುವಂಥದ್ದನ್ನು ಆರಿಸಿ, ಯಾರಾದರೂ ಜೋರಾಗಿ ತಿರುಗಿಸಿದಾಗ ವೋಲ್ಟೇಜ್ ಹದ್ದು ಮೀರದಂತೆ 20 ವೋಲ್ಟಿನ ಝೀನರ್ ಡಯೋಡನ್ನು ಅದಕ್ಕೆ ಅಡ್ಡ ಹಾಕಿ. ಜನರೇಟರಿನ ಎಸಿಯನ್ನು ಡಿಸಿ ಮಾಡುವ ಬ್ರಿಜ್‌ಗೆ, ನಷ್ಟ ಕಡಿಮೆ ಇರುವ ಶಾಟ್ಕಿ ಡಯೋಡುಗಳೇ ಇರಲಿ.

ಪೂರ್ತಿ ಖಾಲಿಯಾದ ಕೆಪಾಸಿಟರ್ ಜನರೇಟರಿಗೆ ಶಾರ್ಟ್ ಸರ್ಕ್ಯೂಟಿನಂತೆ ಕಾಣುತ್ತದೆ. ಹಿಡಿಕೆ ಶುರುವಿನಲ್ಲೇ ಬಿಗಿಯಾಗಿ, ಶಕ್ತಿ ಸುರುಳಿಯಲ್ಲಿ ಬಿಸಿಯಾಗಿ ಹೋಗುತ್ತದೆ. 100 ಮೈಕ್ರೊಫ್ಯಾರಡಿನ ಸಣ್ಣದೊಂದು ಕೆಪಾಸಿಟರ್ ಮೊದಲು ತುಂಬಲಿ, ಕಂಟ್ರೋಲರ್ ಎದ್ದ ಮೇಲೆ ದೊಡ್ಡದನ್ನು ಹಂತಹಂತವಾಗಿ ಸೇರಿಸಲಿ. ಕಂಟ್ರೋಲರಿನ ಗಡಿಯಾರಕ್ಕೆ ಚಿಪ್ಪಿನ ಒಳಗಿನ ಆರ್‌ಸಿ (ರೆಸಿಸ್ಟರ್-ಕೆಪಾಸಿಟರ್) ಆಸಿಲೇಟರೇ ಸಾಕು. 32 ಕಿಲೊಹರ್ಟ್ಸ್ ಕ್ರಿಸ್ಟಲ್ ಏಳಲು ನೂರಾರು ಮಿಲಿಸೆಕೆಂಡ್ ಹಿಡಿಯುತ್ತದೆ. ವಿದ್ಯುತ್ತಿಲ್ಲದಾಗ ಬೀಗಕ್ಕೆ ಸಮಯ ತಿಳಿಯದು, ಹಾಗಾಗಿ 'ಸಂಜೆ ಆರರವರೆಗೆ ಮಾತ್ರ' ಎಂಬಂಥ ಅನುಮತಿಗೆ ನಂಬಲರ್ಹ ಸಮಯವನ್ನು ಕೀಲಿಯೋ ಫೋನೋ ತರಬೇಕು.

ಈಗ ಪಿನ್. ಹೊರಹಿಡಿಕೆಯ ದಂಡವನ್ನೂ ಅಗುಳಿಯ ದಂಡವನ್ನೂ ಬೇರೆ ಮಾಡಿ, ಪಿನ್ ಒಳಹೊಕ್ಕಾಗ ಮಾತ್ರ ಎರಡೂ ಒಂದಾಗುವಂತೆ ರಚಿಸಿ. ಅನುಮತಿ ಇಲ್ಲದವರ ಕೈಯಲ್ಲಿ ಹಿಡಿಕೆ ಸುಮ್ಮನೆ ತಿರುಗುತ್ತದೆ. ಹಿಡಿಕೆಯನ್ನು ಜಗ್ಗಿ ಬೀಗ ಮುರಿಯುವ ದಾರಿಯೂ ಮುಚ್ಚುತ್ತದೆ. ಒಳಹಿಡಿಕೆ ಮಾತ್ರ ಯಾವಾಗಲೂ ಅಗುಳಿಗೆ ನೇರ ಜೋಡಣೆಯಲ್ಲಿರಬೇಕು, ಬೆಂಕಿ ಬಿದ್ದಾಗ ಹೊರಬರಲು ವಿದ್ಯುತ್ತಿಗೆ ಕಾಯುವಂತಾಗಬಾರದು.

ಬಳಕೆ ಎರಡು ತಿರುವಿನದು: ಮೊದಲನೆಯದು ವಿದ್ಯುತ್ತಿಗೆ, ಎರಡನೆಯದು ಬಾಗಿಲಿಗೆ. ಒಂದೇ ತಿರುವಿನಲ್ಲಿ ಎರಡನ್ನೂ ಮುಗಿಸುವ ಆಸೆ ಬಿಡಿ, 0.4 ಸೆಕೆಂಡಿನೊಳಗೆ ಕಂಟ್ರೋಲರ್ ಎದ್ದು, ಕಾರ್ಡ್ ಓದಿ, ಪಿನ್ ಸರಿಯುವಷ್ಟರಲ್ಲಿ ಕೈ ಮುಂದೆ ಹೋಗಿರುತ್ತದೆ. ಮೊದಲ ತಿರುವಿನ ನಂತರ ಬಳಸುವವರು ಹಿಂದಿರುಗಿ ಹೊರಟುಬಿಟ್ಟರೆ ಪಿನ್ ಒಳಗೇ ಉಳಿದು, ಮುಂದೆ ಬಂದವರಿಗೆ ಬಾಗಿಲು ತೆರೆದುಕೊಳ್ಳುತ್ತದೆ. ಮೋಟರಿನ 54 ಮಿಲಿಜೂಲನ್ನು ಎರಡು ಸಲ ಎಣಿಸಿದ್ದು ಇದಕ್ಕೇ: ಐದು ಸೆಕೆಂಡ್ ಕಳೆದರೆ ಪಿನ್ನನ್ನು ವಾಪಸ್ ಎಳೆಯಬೇಕು. ಕೆಪಾಸಿಟರಿನಲ್ಲಿ 13 ವೋಲ್ಟ್ ಇಲ್ಲದಿದ್ದರೆ ಮೋಟರನ್ನು ಶುರುಮಾಡಲೇಬಾರದು. ಹೋಗಿಬರುವ ಎರಡೂ ಓಟಕ್ಕೆ ಅಷ್ಟು ಬೇಕು. ಸ್ಪ್ರಿಂಗನ್ನು ಕೈಯಿಂದಲೇ ಬಿಗಿದಿಟ್ಟು ಮೋಟರಿನಿಂದ ಬರೀ ಕೊಕ್ಕೆ ಬಿಡಿಸುವ ರಚನೆಯಲ್ಲಿ ಶಕ್ತಿ ಉಳಿಯುತ್ತದೆ ನಿಜ, ಆದರೆ ಅದಕ್ಕೆ ಪಿನ್ನನ್ನು ವಾಪಸ್ ಎಳೆಯಲು ಬಾರದು. ಬೀಗಕ್ಕೆ ಅದು ಸಲ್ಲದು.

ಮೋಟರಿಗೂ ಪಿನ್ನಿಗೂ ನಡುವೆ ಎರಡೂ ದಿಕ್ಕಿಗೆ ಕೆಲಸ ಮಾಡುವ ಸ್ಪ್ರಿಂಗ್ ಇರಲೇಬೇಕು. ಹಿಡಿಕೆ ಒತ್ತಿಹಿಡಿದಿದ್ದಾಗ 2 ನ್ಯೂಟನ್-ಮೀಟರ್ ಟಾರ್ಕ್ 10 ಮಿಲಿಮೀಟರ್ ತ್ರಿಜ್ಯದಲ್ಲಿರುವ ಪಿನ್ನಿನ ಮೇಲೆ 200 ನ್ಯೂಟನ್ ಆಗಿ ಬೀಳುತ್ತದೆ. ಘರ್ಷಣೆಯ ಗುಣಾಂಕ 0.15 ಆದರೂ ಪಿನ್ ಎಳೆಯಲು 30 ನ್ಯೂಟನ್ ಬೇಕು, ಈ ಮೋಟರಿಗೆ ಆಗದ ಮಾತು. ಸ್ಪ್ರಿಂಗ್ ಇದ್ದರೆ ಮೋಟರ್ ತನ್ನ ಓಟ ಮುಗಿಸಿ ನಿಲ್ಲುತ್ತದೆ, ಕೈ ಸಡಿಲವಾದ ಕ್ಷಣ ಪಿನ್ ಹೊರಬರುತ್ತದೆ. ಪಿನ್ ಒಳಹೊಗುವ ಗುಳಿ ಅಗಲದಲ್ಲಿ ಪಿನ್ನಿಗಿಂತ 0.3 ಮಿಲಿಮೀಟರ್ ಹೆಚ್ಚಿರಲಿ, ಅಂಚು ಇಳಿಜಾರಾಗಿರಲಿ. ವರ್ಷಗಳು ಕಳೆದಂತೆ ಹಿಡಿಕೆಯ ಸ್ಪ್ರಿಂಗ್ ಸೋತು ಹಿಡಿಕೆ ಮೂರ್ನಾಲ್ಕು ಡಿಗ್ರಿ ಜೋತರೆ ಪಿನ್ನಿಗೆ ಗುಳಿ ಸಿಗದು. ಹಿಡಿಕೆಯ ಸ್ಪ್ರಿಂಗನ್ನು ಅಗತ್ಯಕ್ಕಿಂತ ಗಟ್ಟಿ ಹಾಕುವುದು ಅದಕ್ಕೇ.

ಪಿನ್ ಹಿತ್ತಾಳೆಯದೋ ಅಯಸ್ಕಾಂತಕ್ಕೆ ಅಂಟದ ಸ್ಟೇನ್‌ಲೆಸ್ ಸ್ಟೀಲಿನದೋ ಆಗಲಿ. ಕಂಟ್ರೋಲರ್ ಮತ್ತು ಮೋಟರಿನ ತಂತಿಗಳು ಬಾಗಿಲ ಒಳಬದಿಯಲ್ಲೇ ಇರಬೇಕು. ಹೊರಗಡೆ ಆಂಟೆನಾ ಮಾತ್ರ. ಇಲ್ಲವಾದರೆ ಹೊರಮುಚ್ಚಳ ಕಿತ್ತು 3 ವೋಲ್ಟ್ ಕೊಟ್ಟವರಿಗೆಲ್ಲ ಬಾಗಿಲು ತೆರೆಯುತ್ತದೆ.

ಪರೀಕ್ಷೆ ಮಾಡುವಾಗ 0.25 ಸೆಕೆಂಡಿನ ತಿರುವು, 2 ಸೆಕೆಂಡಿನ ತಿರುವು, ಅರ್ಧಕ್ಕೇ ನಿಲ್ಲಿಸಿದ ತಿರುವು, ಈ ಮೂರರಲ್ಲೂ ಕೆಪಾಸಿಟರಿನ ವೋಲ್ಟೇಜನ್ನು ಆಸಿಲೋಸ್ಕೋಪಿನಲ್ಲಿ ನೋಡಿ. ಅವನ್ನೇ ಮೈನಸ್ 10 ಮತ್ತು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮತ್ತೆ ಮಾಡಿ. ಚಳಿಯಲ್ಲಿ ವೋಲ್ಟೇಜ್ ಬಿದ್ದರೆ ಮೊದಲು ಗೇರಿನ ಗ್ರೀಸ್ ನೋಡಿ: ದಪ್ಪ ಗ್ರೀಸ್ ಒರೆಸಿ, ತೆಳುವಾದ ಸಿಂಥೆಟಿಕ್ ಗ್ರೀಸನ್ನು ಹಲ್ಲಿಗೆ ಮಾತ್ರ ಸವರಿ. ಒಂದು ಲಕ್ಷ ತಿರುವಿನ ನಂತರ ಇಡೀ ಅಳತೆಯನ್ನು ಮತ್ತೊಮ್ಮೆ ತೆಗೆಯಿರಿ.