ಸೋಲಾರ್ ಹಾಕಿಸಿದ ಮೇಲೆ ಶುರುವಾಗುವ ಕೆಲಸ

ತಾರಸಿಯ ಮೇಲೆ ಪ್ಯಾನೆಲ್ ಕೂರಿಸಿ, ಮೀಟರ್ ಬದಲಾಯಿಸಿ, ಕೆಲಸದವರು ಏಣಿ ಎತ್ತಿಕೊಂಡು ಹೋದ ಮೇಲೆ ಹೆಚ್ಚಿನ ಮನೆಗಳಲ್ಲಿ ಯಾರೂ ಮತ್ತೆ ಅತ್ತ ತಲೆ ಹಾಕುವುದಿಲ್ಲ. ಬಿಲ್ ಕಡಿಮೆ ಬಂದರೆ ಸಂತೋಷ, ಬರದಿದ್ದರೆ ಗೊಣಗಾಟ. ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದ ನನಗೆ ಇದನ್ನು ನೋಡಿಕೊಂಡು ಸುಮ್ಮನಿರಲು ಆಗುವುದಿಲ್ಲ. ಅಷ್ಟೊಂದು ದುಡ್ಡು ಹಾಕಿ ತಂದ ಯಂತ್ರ ಇವತ್ತು ಎಷ್ಟು ದುಡಿಯಿತು ಎಂಬುದು ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲೇಬೇಕು.

ಆದ್ದರಿಂದ ಮೊದಲ ಕೆಲಸ ಲೆಕ್ಕ ಇಡುವುದು. ಪ್ಯಾನೆಲ್ ಕೊಡುವ ವಿದ್ಯುತ್ತನ್ನು ಮನೆಯ ಬಳಕೆಗೆ ತಕ್ಕಂತೆ ಬದಲಿಸುವ ಇನ್ವರ್ಟರಿನ ಪರದೆಯಲ್ಲೋ ಅದರ ಮೊಬೈಲ್ ಆ್ಯಪಿನಲ್ಲೋ ದಿನದ ಉತ್ಪಾದನೆಯ ಅಂಕಿ ಸಿಗುತ್ತದೆ. ಸಂಜೆ ಅದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಬರೆದುಬಿಡಿ. ನಮ್ಮ ರಾಜ್ಯದಲ್ಲಿ ಒಂದು ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ದಾವಣಗೆರೆಯ ನಮ್ಮ ಮನೆಯ ಮೇಲಿರುವುದು 3 ಕಿಲೋವ್ಯಾಟ್. ಫೆಬ್ರುವರಿ, ಮಾರ್ಚ್‌ನ ತಿಳಿ ಆಕಾಶದ ದಿನ 14 ಯೂನಿಟ್ ದಾಟುತ್ತದೆ, ಆಷಾಢದ ಮೋಡದಲ್ಲಿ ಅದರ ಅರ್ಧಕ್ಕೂ ಇಳಿಯುತ್ತದೆ. ಮೇ ತಿಂಗಳ ಉರಿಬಿಸಿಲಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬರಬೇಕು ಎಂದು ಬಹಳ ಜನ ಅಂದುಕೊಂಡಿರುತ್ತಾರೆ. ಪ್ಯಾನೆಲ್‌ಗೆ ಬೇಕಾದದ್ದು ಬೆಳಕು. ಕಾವು ಅದಕ್ಕೆ ಆಗದು. ಅದರ ಮೇಲೆ ಬರೆದಿರುವ ವ್ಯಾಟ್ 25 ಡಿಗ್ರಿ ಉಷ್ಣತೆಯ ಲೆಕ್ಕ. ಅದನ್ನು ಮೀರಿದ ಪ್ರತಿ ಡಿಗ್ರಿಗೆ ಉತ್ಪಾದನೆ ಶೇಕಡಾ 0.35ರ ಆಸುಪಾಸು ಇಳಿಯುತ್ತದೆ. ಬೇಸಿಗೆಯ ಮಧ್ಯಾಹ್ನ ಪ್ಯಾನೆಲ್ 60 ಡಿಗ್ರಿ ಮುಟ್ಟಿದರೆ ಶೇಕಡಾ 12ರಷ್ಟು ಅಲ್ಲೇ ಹೋಯಿತು. ಪ್ಯಾನೆಲ್ ಮತ್ತು ತಾರಸಿಯ ನಡುವೆ ಗಾಳಿ ಆಡಲು ಜಾಗ ಬಿಡಿ ಎನ್ನುವುದು ಇದಕ್ಕೇ. ಅದರ ಕೆಳಗೆ ಹಳೆಯ ಹಲಗೆ, ಗೋಣಿಚೀಲ ಒಟ್ಟಬೇಡಿ.

ಅಂಕಿ ಬರೆಯತೊಡಗಿದ ಮೇಲೆ ಪಕ್ಕದ ಮನೆಯವರ ಅಂಕಿಯನ್ನೂ ಕೇಳಿ, ಇಬ್ಬರ ಯೂನಿಟ್ಟನ್ನೂ ಅವರವರ ಕಿಲೋವ್ಯಾಟ್‌ನಿಂದ ಭಾಗಿಸಿ ನೋಡಿ. ಒಂದೇ ಬೀದಿ, ಒಂದೇ ಆಕಾಶ. ಮೋಡದ ನೆಪ ಅಲ್ಲಿ ನಡೆಯುವುದಿಲ್ಲ. ದಿನವೂ ಒಂದು ಮನೆ ಹಿಂದೆ ಬಿದ್ದರೆ ಕಾರಣ ಹುಡುಕಬೇಕು.

ಸಾಮಾನ್ಯವಾಗಿ ಸಿಕ್ಕುವ ಕಾರಣ ನೆರಳು. ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಹರಿಯುವುದು ಒಂದೇ ವಿದ್ಯುತ್ ಪ್ರವಾಹ. ಭದ್ರಾ ನಾಲೆಯ ನಡುವೆ ಒಂದು ತೂಬು ಅರ್ಧ ಮುಚ್ಚಿದರೆ ಮುಂದಿನ ಗದ್ದೆಗಳಿಗೆಲ್ಲ ನೀರು ತಗ್ಗುವಂತೆ, ಒಂದು ಪ್ಯಾನೆಲ್ ಮೇಲೆ ಬಿದ್ದ ನೆರಳು ಇಡೀ ಸಾಲನ್ನು ಜಗ್ಗಬಲ್ಲದು. ಪ್ಯಾನೆಲ್ ಹಿಂದಿನ ಡಬ್ಬಿಯಲ್ಲಿರುವ ಬೈಪಾಸ್ ಡಯೋಡ್‌ಗಳು ನೆರಳಾದ ಭಾಗವನ್ನು ಬಿಟ್ಟು ಪ್ರವಾಹ ಮುಂದೆ ಸಾಗುವಂತೆ ಮಾಡುತ್ತವೆ ನಿಜ, ಆದರೆ ಆ ಭಾಗದ ದುಡಿಮೆ ಹೋದಂತೆಯೇ. ತೆಂಗಿನ ಗರಿ, ಡಿಶ್ ಆಂಟೆನಾ, ಬಟ್ಟೆ ಒಣಹಾಕುವ ತಂತಿಗೆ ನೇತುಹಾಕಿದ ಸೀರೆ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ.

ನೆರಳನ್ನು ವರ್ಷಕ್ಕೆ ಎರಡು ಕಾಲದಲ್ಲಿ ನೋಡಬೇಕು. ಡಿಸೆಂಬರ್ ಕೊನೆಯಲ್ಲಿ ಸೂರ್ಯ ದಕ್ಷಿಣಕ್ಕೆ ಇಳಿದಿರುತ್ತಾನೆ. ದಾವಣಗೆರೆಯಲ್ಲಿ ಆಗ ನಡುಮಧ್ಯಾಹ್ನವೂ ಒಂದು ಮೀಟರ್ ಗೋಡೆಗೆ ಮುಕ್ಕಾಲು ಮೀಟರ್ ಮೀರಿದ ನೆರಳು ಬೀಳುತ್ತದೆ, ಬೆಳಿಗ್ಗೆ ಒಂಬತ್ತಕ್ಕೆ ಇನ್ನೂ ಉದ್ದ. ದಕ್ಷಿಣದಲ್ಲಿರುವ ನೀರಿನ ಟ್ಯಾಂಕ್ ಕಾಟ ಕೊಡುವುದು ಆಗ. ಎರಡನೆಯದನ್ನು ಪ್ಯಾನೆಲ್ ಕೂರಿಸುವವರೂ ಮರೆಯುತ್ತಾರೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗಿರುತ್ತಾನೆ, ಹುಟ್ಟುವುದೂ ಮುಳುಗುವುದೂ ಉತ್ತರಕ್ಕೆ ವಾಲಿಯೇ. ಆಗ ಉತ್ತರದ ಮೆಟ್ಟಿಲು ಕೋಣೆ ಪ್ಯಾನೆಲ್ ಮೇಲೆ ನೆರಳು ಚೆಲ್ಲುತ್ತದೆ. ದಕ್ಷಿಣ ತೆರೆದಿದೆ ಎಂಬುದೊಂದೇ ಸಾಲದು.

ಇನ್ನು ದೂಳು. ತೊಳೆಯುವುದು ಬೆಳಗಿನ ಜಾವ ಅಥವಾ ಸಂಜೆ ತಂಪಾದ ಮೇಲೆ. ಕಾದ ಗಾಜಿನ ಮೇಲೆ ತಣ್ಣೀರು ಸುರಿದರೆ ಗಾಜಿಗೂ ಕೆಟ್ಟದ್ದು, ನೀರು ಆರಿ ಕಲೆಯೂ ಉಳಿಯುತ್ತದೆ. ಚಳಿಗಾಲದ ಮುಂಜಾನೆ ಇಬ್ಬನಿ ಬಿದ್ದು ದೂಳು ನೆನೆದಿರುವಾಗ ಮೆತ್ತನೆಯ ಬಟ್ಟೆ ಕಟ್ಟಿದ ಉದ್ದ ಕೋಲಿನಿಂದ ಎಳೆದರೆ ಅರ್ಧ ಬಕೆಟ್ ನೀರು ಸಾಕು. ಸೋಪಿನ ಪುಡಿ, ಪಾತ್ರೆ ಉಜ್ಜುವ ನಾರು ಬೇಡ. ಕೊಳವೆಬಾವಿಯ ಗಡಸು ನೀರು ಬಿಳಿ ಪೊರೆ ಬಿಡುತ್ತದೆ. ನೀರು ಶುದ್ಧೀಕರಿಸುವ ಆರ್‌ಒ ಯಂತ್ರದಿಂದ ಹೊರಬರುವ ನೀರು ವ್ಯರ್ಥವಾಗಬಾರದೆಂದು ಅದನ್ನು ಪ್ಯಾನೆಲ್‌ಗೆ ಹಾಕುವವರಿದ್ದಾರೆ. ಅದರಲ್ಲಿ ಲವಣ ಮೂಲ ನೀರಿಗಿಂತಲೂ ಹೆಚ್ಚು, ಖಂಡಿತ ಬೇಡ. ನಲ್ಲಿ ನೀರು ಅಥವಾ ಹಿಡಿದಿಟ್ಟ ಮಳೆನೀರು ಒಳ್ಳೆಯದು.

ತೊಳೆಯುವಾಗ ಪ್ಯಾನೆಲ್ ನಡುವನ್ನು ನೋಡಿ ಸಮಾಧಾನಪಡಬೇಡಿ, ಕೆಳಗಿನ ಅಂಚಿಗೆ ಬಗ್ಗಿ ನೋಡಿ. ನಮ್ಮ ಅಕ್ಷಾಂಶಕ್ಕೆ ಪ್ಯಾನೆಲ್ ಇಳಿಜಾರು 15 ಡಿಗ್ರಿಯ ಆಸುಪಾಸಿನಲ್ಲೇ ಇರುವುದರಿಂದ ಸಣ್ಣ ಮಳೆಯಲ್ಲಿ ಜಾರಿದ ಕೆಸರು ಅಲ್ಯೂಮಿನಿಯಂ ಚೌಕಟ್ಟಿಗೆ ಅಡ್ಡವಾಗಿ ನಿಂತು, ಬೆರಳಗಲದ ಕಂದು ಪಟ್ಟಿಯಾಗಿ ಒಣಗುತ್ತದೆ. ಮೇಲಿನದೆಲ್ಲ ಥಳಥಳ ಹೊಳೆಯುತ್ತಿದ್ದರೂ ಆ ಪಟ್ಟಿ ಕೊನೆಯ ಸಾಲಿನ ಕೋಶಗಳನ್ನು (ಬೆಳಕನ್ನು ವಿದ್ಯುತ್ ಮಾಡುವ ಬಿಲ್ಲೆಗಳನ್ನು) ಮುಚ್ಚಿ, ನೆರಳು ಮಾಡುವ ಕೆಡುಕನ್ನೇ ಮಾಡುತ್ತದೆ. ನೆನೆಸಿ, ಐದು ನಿಮಿಷ ಬಿಟ್ಟು, ಒರೆಸಿ ತೆಗೆಯಿರಿ. ಒತ್ತಿ ಕೆರೆಯಬೇಡಿ, ಪ್ಯಾನೆಲ್ ಮೇಲೆ ಕಾಲಿಡಲೇಬೇಡಿ. ಕಣ್ಣಿಗೆ ಕಾಣದ ಬಿರುಕು ಒಳಗಿನ ಕೋಶದಲ್ಲಿ ಬೀಳುತ್ತದೆ. ತೊಳೆದದ್ದು ಸಾರ್ಥಕವಾಯಿತೇ ಎಂಬುದನ್ನು ಹಿಂದಿನ, ಮುಂದಿನ ತಿಳಿ ದಿನಗಳ ಅಂಕಿಯೇ ಹೇಳುತ್ತದೆ.

ಈಗ ನನ್ನನ್ನು ಬೀದಿಯವರು ಅತಿ ಹೆಚ್ಚು ಕೇಳುವ ವಿಷಯ. “ಮೇಷ್ಟ್ರೇ, ಬಿಸಿಲು ರಣರಣ ಹೊಡೆಯುವ ಹೊತ್ತಿಗೇ ನಮ್ಮ ಇನ್ವರ್ಟರ್ ನಿಂತುಹೋಗುತ್ತದೆ, ಐದು ನಿಮಿಷಕ್ಕೆ ತಾನೇ ಶುರುವಾಗುತ್ತದೆ, ಮತ್ತೆ ನಿಲ್ಲುತ್ತದೆ.” ಆ್ಯಪಿನಲ್ಲಿ ಅಂಥ ದಿನದ ನಕ್ಷೆ ನೋಡಿದರೆ, ನುಣುಪಾಗಿ ಏರಿ ಇಳಿಯಬೇಕಾದ ಗೆರೆ ನಡುಮಧ್ಯಾಹ್ನ ಸೊನ್ನೆಗೆ ಬಿದ್ದು ಎದ್ದಿರುತ್ತದೆ. ಪ್ಯಾನೆಲ್ ಕೆಟ್ಟಿಲ್ಲ, ವೋಲ್ಟೇಜ್ ಏರಿದೆ. ವಿದ್ಯುತ್ತನ್ನು ಬೀದಿಯ ತಂತಿಗೆ ತಳ್ಳಬೇಕಾದರೆ ಇನ್ವರ್ಟರಿನ ವೋಲ್ಟೇಜ್ ಆ ತಂತಿಯದಕ್ಕಿಂತ ತುಸು ಮೇಲಿರಬೇಕು. ಬೀದಿಯಲ್ಲಿ ಹಲವು ಮನೆಗಳು ಒಟ್ಟಿಗೆ ತಳ್ಳುತ್ತಿದ್ದು ಬಳಸುವವರು ಯಾರೂ ಇಲ್ಲದಿದ್ದರೆ ವೋಲ್ಟೇಜ್ ಏರುತ್ತಾ ಹೋಗಿ, ನಿಗದಿತ ಮಿತಿ ದಾಟಿದ ಕ್ಷಣ ಇನ್ವರ್ಟರ್ ಸಂಪರ್ಕ ಕಡಿದುಕೊಳ್ಳುತ್ತದೆ. ಹೆಚ್ಚು ಬೆಳೆಯುವ ಹೊತ್ತಿನಲ್ಲೇ ಬೆಳೆ ನಷ್ಟ.

ಇಲ್ಲಿ ತಪ್ಪು ಯಾವ ಕಡೆಯದು ಎಂದು ಮೊದಲು ಗೊತ್ತುಮಾಡಿಕೊಳ್ಳಬೇಕು. ತಿಳಿದ ಎಲೆಕ್ಟ್ರಿಷಿಯನ್ ಒಬ್ಬರನ್ನು ಬಿಸಿಲಿನ ಮಧ್ಯಾಹ್ನವೇ ಕರೆಸಿ, ಇನ್ವರ್ಟರಿನ ಬಳಿಯ ವೋಲ್ಟೇಜ್ ಮತ್ತು ಮೀಟರ್ ಬಳಿಯ ವೋಲ್ಟೇಜ್ ಎರಡನ್ನೂ ಅಳೆಸಿ. ಎರಡಕ್ಕೂ ಐದಾರು ವೋಲ್ಟ್ ಅಂತರವಿದ್ದರೆ ನಡುವಿನ ತಂತಿ ತೆಳು, ಇಲ್ಲವೇ ಯಾವುದೋ ಜೋಡಣೆ ಸಡಿಲ. ಲೆಕ್ಕ ಸುಲಭ: 3 ಕಿಲೋವ್ಯಾಟ್ ಎಂದರೆ ಸುಮಾರು 13 ಆಂಪಿಯರ್. ತಾರಸಿಯಿಂದ ಮೀಟರಿಗೆ 30 ಮೀಟರ್ ಇದ್ದು 2.5 ಚದರ ಮಿಲಿಮೀಟರ್ ತಾಮ್ರದ ತಂತಿ ಎಳೆದಿದ್ದರೆ ಸುಮಾರು 6 ವೋಲ್ಟ್ ಅಂತರ ಬರುತ್ತದೆ, 6 ಚದರ ಮಿಲಿಮೀಟರಿನದಾದರೆ ಎರಡೂವರೆ ವೋಲ್ಟ್. ತಂತಿಯಲ್ಲಿ ಉಳಿಸಿದ ಸ್ವಲ್ಪ ದುಡ್ಡು ವರ್ಷವಿಡೀ ಮಧ್ಯಾಹ್ನಗಳನ್ನು ನುಂಗುತ್ತದೆ. ಮೀಟರಿನ ಬಳಿಯೇ ವೋಲ್ಟೇಜ್ ಹೆಚ್ಚಿದ್ದರೆ, ಅಳೆದ ಅಂಕಿ ಮತ್ತು ಸಮಯ ಬರೆದು ವಿದ್ಯುತ್ ಸರಬರಾಜು ಕಂಪನಿಗೆ ಲಿಖಿತ ದೂರು ಕೊಡಿ. ಟ್ರಾನ್ಸ್‌ಫಾರ್ಮರಿನ ವೋಲ್ಟೇಜ್ ಹೊಂದಿಸುವ ಟ್ಯಾಪ್ ಸರಿಪಡಿಸುವುದು ಅವರ ಕೆಲಸ. ಯಾರಾದರೂ ಇನ್ವರ್ಟರಿನ ಮಿತಿಯನ್ನೇ ಏರಿಸಿಬಿಡುತ್ತೇನೆ ಎಂದರೆ ಒಪ್ಪಬೇಡಿ. ಮನೆಯ ಫ್ರಿಜ್ಜು, ಟಿವಿ ಆ ವೋಲ್ಟೇಜನ್ನು ತಿನ್ನಬೇಕಾಗುತ್ತದೆ.

ಸರಿಹೋಗುವವರೆಗೆ ಮನೆಯೊಳಗಿನ ಬಳಕೆಯನ್ನು ಆ ಹೊತ್ತಿಗೆ ತನ್ನಿ. ನಮ್ಮ ಮನೆಯಲ್ಲಿ ದೋಸೆಹಿಟ್ಟಿನ ಗ್ರೈಂಡರ್, ಬಟ್ಟೆ ಒಗೆಯುವ ಯಂತ್ರ, ಇಸ್ತ್ರಿ, ಸಂಪಿನಿಂದ ನೀರೆತ್ತುವ ಪಂಪು ಎಲ್ಲವೂ ಹನ್ನೊಂದರಿಂದ ಎರಡರೊಳಗೆ. ನೆಟ್ ಮೀಟರಿಂಗ್ ಇರುವಲ್ಲಿ ಹಗಲು ಕೊಟ್ಟ ಯೂನಿಟ್ಟು ರಾತ್ರಿ ತೆಗೆದುಕೊಂಡ ಯೂನಿಟ್ಟಿಗೆ ವಜಾ ಆಗುವುದರಿಂದ, ಬಿಲ್ಲಿನ ಸಲುವಾಗಿಯೇ ಹೊತ್ತು ಬದಲಿಸುವ ಒತ್ತಡವಿಲ್ಲ. ಆದರೆ ಲೆಕ್ಕ ಚುಕ್ತಾ ಆಗಿ ಉಳಿದ ಹೆಚ್ಚುವರಿಗೆ ಸಿಗುವ ದರ ನಾವು ಕೊಳ್ಳುವ ದರಕ್ಕಿಂತ ಕಡಿಮೆ. ಮಾರಿ ಲಾಭ ಮಾಡುತ್ತೇನೆಂದು ಅಗತ್ಯ ಮೀರಿ ಪ್ಯಾನೆಲ್ ಹಾಕಿಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ.

ಬಿಲ್ ಓದುವಾಗ ಗೊಂದಲ ಬೇಡ. ಇನ್ವರ್ಟರ್ ತಿಂಗಳಿಗೆ 360 ಯೂನಿಟ್ ತೋರಿಸಿ, ಮೀಟರ್ ಹೊರಗೆ ಹೋದದ್ದು 250 ಎಂದರೆ, ಉಳಿದ 110 ಮೀಟರ್ ಮುಟ್ಟುವ ಮೊದಲೇ ಮನೆಯಲ್ಲಿ ಬಳಕೆಯಾಯಿತು. ಒಳಗೆ ಬಂದದ್ದು 230 ಇದ್ದರೆ ನಿಮ್ಮ ಒಟ್ಟು ಬಳಕೆ 340, ಹೆಚ್ಚುವರಿ 20. ನಿಗದಿತ ಶುಲ್ಕ ಮಾತ್ರ ಬಂದೇ ಬರುತ್ತದೆ.

ಇನ್ನೂ ಹಾಕಿಸದವರಿಗೆ ಒಂದು ಮಾತು. ಗೃಹಜ್ಯೋತಿಯಲ್ಲಿ ನಿಮ್ಮ ಬಿಲ್ ಶೂನ್ಯವೇ ಬರುತ್ತಿದ್ದರೆ ಅವಸರ ಬೇಡ. ತಿಂಗಳಿಗೆ 200 ಯೂನಿಟ್ ಮೀರುವ ಮನೆಗೆ ಇದು ನಿಜವಾಗಿ ಕೂಡಿಬರುತ್ತದೆ. 2024ರಲ್ಲಿ ಶುರುವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಹಾಯಧನವಿದೆ. ಅದಕ್ಕೆ ದೇಶದಲ್ಲೇ ತಯಾರಾದ ಕೋಶಗಳ ಪ್ಯಾನೆಲ್ ಆಗಿರಬೇಕು. ಕರೆಂಟ್ ಹೋದಾಗ ಬ್ಯಾಟರಿ ಇಲ್ಲದ ಸಾಮಾನ್ಯ ವ್ಯವಸ್ಥೆ ಹಗಲಲ್ಲೂ ನಿಲ್ಲುತ್ತದೆ, ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮ್ಯಾನ್‌ನ ಜೀವ ಕಾಯಲು ಅದು ಹಾಗೆಯೇ ಇರಬೇಕು. ಕಡಿತ ಹೆಚ್ಚಿರುವ ಊರಿನವರು ಬ್ಯಾಟರಿ ಜೋಡಿಸಬಹುದಾದ ಹೈಬ್ರಿಡ್ ಇನ್ವರ್ಟರನ್ನು ಮೊದಲೇ ಕೇಳಲಿ.

ಮುಂಗಾರಿಗೆ ಮುಂಚಿನ ಗುಡುಗು ಮಳೆ ಬರುವ ಮೊದಲು, ಮಾರ್ಚ್‌ನಲ್ಲೇ, ಕಂಬಿಗಳ ಬೋಲ್ಟು ಬಿಗಿ ಮಾಡಿಸಿ, ಮಿಂಚುವಾಹಕದ ಜೋಡಣೆ ಮತ್ತು ಅರ್ತಿಂಗ್ ಗುಂಡಿಗಳನ್ನು ಪರೀಕ್ಷೆ ಮಾಡಿಸಿ. ಬಿಸಿಲಿರುವಷ್ಟು ಹೊತ್ತೂ ಪ್ಯಾನೆಲ್‌ನ ತಂತಿಯಲ್ಲಿ ವಿದ್ಯುತ್ ಇದ್ದೇ ಇರುತ್ತದೆ, ಕರೆಂಟ್ ಹೋಗಿದ್ದರೂ. ಕೋತಿ, ಅಳಿಲು ಕಚ್ಚಿದ ತಂತಿ ಕಂಡರೆ ನೀವಾಗಿ ಮುಟ್ಟದೆ ತಿಳಿದವರನ್ನು ಕರೆಯಿರಿ. ಪ್ರತಿ ಪ್ಯಾನೆಲ್ ಹಿಂದಿನ ಕ್ರಮಸಂಖ್ಯೆಯ ಫೋಟೊ ತೆಗೆದು ವಾರಂಟಿ ಕಾಗದದ ಜೊತೆ ಇಡಿ. ಪ್ಯಾನೆಲ್‌ಗೆ 25 ವರ್ಷದ ಉತ್ಪಾದನಾ ಖಾತರಿ ಇದ್ದರೂ ಇನ್ವರ್ಟರಿನದು ಬಹಳ ಮೊದಲೇ ಮುಗಿಯುತ್ತದೆ. ಆ ದಿನಾಂಕವನ್ನು ಇನ್ವರ್ಟರಿನ ಪಕ್ಕದ ಗೋಡೆಯ ಮೇಲೆಯೇ ಬರೆದಿಡಿ.